ದ್ವಾದಶಿಯ ಎರಡು ಗುಳಿಗೆ

ಹೋದ ಪಕ್ಷದ ದ್ವಾದಶಿಯ ಬೆಳಿಗ್ಗೆ ನಮ್ಮ ಮಾಮಾಗೆ ದೇವರು ಕಂಡ. ನಾನು ಪಕ್ಕದಲ್ಲೇ ಕೂತಿದ್ದೆ. ನನಗೇನೂ ಕಾಣಲಿಲ್ಲ.

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ಚಿತ್ತಾಪುರದಲ್ಲಿ ಮನೆ. ಮೇಷ್ಟ್ರಾಗಿ ರಿಟೈರ್ ಆಗಿ ಈಗ ಓಣಿಯ ಗುಡಿಯಲ್ಲಿ ಪೂಜೆ ಮಾಡುತ್ತಾರೆ. ನಾನು ವಾಡಿಯಲ್ಲಿ ಟ್ರೇನ್ ಇಳಿದು ಅವರ ಮನೆ ಸೇರಿದ್ದು ಏಕಾದಶಿಯ ದಿನ. (ಊಟದ ಆಸೆಗೆ ಹೋಗಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?)

ಅವರದು ನಿರ್ಜಲ ಉಪವಾಸ. ಹನಿ ನೀರೂ ಇಲ್ಲ. ಶಹಾಬಾದ್ ಕಲ್ಲಿನ ತಣ್ಣನೆಯ ನೆಲದ ಮೇಲೆ ಮಲಗಿದ್ದರು. ಹೊರಗೆ ಉರಿಬಿಸಿಲು, ಒಳಗೆ ಅರೆಗತ್ತಲು. ಎಲ್ಲೋ ದೂರದಲ್ಲಿ ಗೂಡ್ಸ್ ಗಾಡಿ ಮುಗಿಯದೆ ಸಾಗುತ್ತಲೇ ಇತ್ತು. ನನಗೂ ಎಚ್ಚರವೋ ನಿದ್ದೆಯೋ ತಿಳಿಯದ ಹಾಗಾಯಿತು. ಮಾಮಾ ಒಮ್ಮೆ "ತಲಿ ಸಿಡಿಲಿಕತ್ತದ" ಎಂದರು. ಉಪವಾಸಕ್ಕೆ ಇರಬೇಕು ಎಂದುಕೊಂಡೆ.

ಮರುದಿನ ಪಾರಣೆ. ಪೂಜೆ, ತೀರ್ಥ, ಊಟ ಎಲ್ಲ ಬೇಗ ಮುಗಿಯಿತು. ಮಾಮಾ ದೇವರ ಮನೆಯ ಮುಂದೆ ಗೋಡೆಗೆ ಒರಗಿ ಕೂತರು. ಬೆಳಕಿಂಡಿಯ ಬಿಸಿಲಲ್ಲಿ ಧೂಪದ ಹೊಗೆ ಮೆಲ್ಲಗೆ ಸುತ್ತುತ್ತಿತ್ತು. ಸ್ವಲ್ಪ ಹೊತ್ತಿಗೆ ಎದ್ದು ನಿಂತವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಮುಖದಲ್ಲಿ ನಗು.

"ಮನಿಯೆಲ್ಲ ನೀರಿನ್ಯಾಗ ತೇಲಲಿಕತ್ತದ ನೋಡು. ಒಂದ ದೀಪ ಎಷ್ಟಾಗ್ಯಾವ. ಸ್ವಾಮಿ ಬರಲಿಕತ್ತಾನ."

ನಾನು ಕೈ ಮುಗಿದೆ. ಮಾಮಿ ಮುಗಿಯಲಿಲ್ಲ. "ಹಿಡಿ ಅವರನ್ನ" ಎಂದು ಓಡಿ ಬಂದರು. ಮಾಮಾ ನಮ್ಮ ತೋಳಿನಲ್ಲಿ ಕುಸಿದರು.

ಆಸ್ಪತ್ರೆಯಲ್ಲಿ ಬಿ.ಪಿ. ನೋಡಿದ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, "ಸರ್, ಗುಳಿಗಿ ಎಷ್ಟು ತಗೊಂಡ್ರಿ?"

"ಎರಡು. ನಿನ್ನಿ ಉಪವಾಸಕ್ಕ ಬಿಟ್ಟಿದ್ದೊಂದು, ಇವತ್ತಿಂದೊಂದು."

ಹೊತ್ತು ಮೀರಿದ ಸಂಧ್ಯಾವಂದನೆಗೆ ಒಂದು ಅರ್ಘ್ಯ ಹೆಚ್ಚು ಕೊಟ್ಟು ಸರಿಮಾಡಿಕೊಳ್ಳುವ ಮನುಷ್ಯ ಅವರು. ಬಿ.ಪಿ. ಗುಳಿಗೆಗೂ ಅದೇ ನಿಯಮ ಹಚ್ಚಿದ್ದರು. ನಾವೇನು ಕಡಿಮೆಯೇ? ವಾರವಿಡೀ ಬಿಟ್ಟ ವಾಕಿಂಗನ್ನು ಭಾನುವಾರ ಒಂದೇ ಏಟಿಗೆ ಮುಗಿಸುವವರಲ್ಲವೇ?

ಡಾಕ್ಟರಮ್ಮ ಸಿಟ್ಟಾಗಲಿಲ್ಲ. "ನಿಮ್ಮ ಬಿ.ಪಿ. ಮೊದಲಿಂದ ಭಾಳ ಜಾಸ್ತಿ ಅದ, ಅದಕ್ಕ ಜೋರಿನ ಗುಳಿಗಿ ಕೊಟ್ಟೀವಿ. ಬಿಟ್ರ ಏರತದ. ಎರಡು ನುಂಗಿದ್ರ ಧಡಕ್ಕನ ಇಳೀತದ, ಜೀವಕ್ಕ ಅಪಾಯ. ಒಂದು ತಪ್ಪಿದ್ರ ತಪ್ಪಲಿ, ಮುಂದಿಂದು ಅದರ ಟೈಮಿಗೆ ಒಂದ ತಗೋರಿ. ಏಳುವಾಗ ಸಾವಕಾಶ ಏಳ್ರಿ. ಕಾಲು ಬಾತ್ರ, ದಮ್ಮು ಹತ್ತಿದ್ರ ತಡಾ ಮಾಡದ ಬರ್ರಿ. ನಮ್ಮನ್ನ ಕೇಳದ ಗುಳಿಗಿ ಮಾತ್ರ ಬಿಡಬ್ಯಾಡ್ರಿ."

ಮಾಮಾ ಸಣ್ಣ ದನಿಯಲ್ಲಿ ಕೇಳಿದರು. "ಮತ್ತ ನನಗ ಕಂಡದ್ದು?"

"ತಲಿಗಿ ರಕ್ತ ಕಮ್ಮಿ ಬಿದ್ದಿತ್ತು, ಸರ್."

ಅವರ ಮುಖ ಬಾಡಿತು. ನನಗೆ ಸಂಕಟವಾಯಿತು. ಜೀವನವಿಡೀ ಗಂಟೆ ಬಾರಿಸಿದವರಿಗೆ ಒಂದು ದಿನ ಏನೋ ಕಂಡಿತ್ತು. (ಡಾಕ್ಟರ್ ಒಂದು ಸುಳ್ಳು ಹೇಳಿದ್ದರೆ ಏನಾಗುತ್ತಿತ್ತು ಎಂದು ಅರೆಗಳಿಗೆ ಅನ್ನಿಸಿದ್ದು ನಿಜ.)

ಮನೆಗೆ ಬಂದ ಮೇಲೆ ಅವರ ಹಟ ಶುರುವಾಯಿತು. "ಮುಂದಿನ ಏಕಾದಶಿಗೂ ನಾ ಹಿಂಗ ಮಾಡಾಂವ. ಆದದ್ದಾಗಲಿ."

ಎಂದೂ ಎದುರಾಡದ ಮಾಮಿ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದರು. "ಔಷಧದಿಂದ ವ್ರತ ಕೆಡಂಗಿಲ್ಲ ಅಂತ ಗುಡಿಗೆ ಬಂದ ಮಂದಿಗೆಲ್ಲ ಹೇಳೋರು ನೀವ ಅಲ್ರಿ? ನಿಮಗ ದೇವರು ಕಾಣಬೇಕು, ಖರೆ. ನನಗ ನೀವು ಕಾಣಬೇಕಲ್ರಿ."

ಮಾಮಾ ಗೋಡೆಗೆ ಒರಗಿ ಬೆಳಕಿಂಡಿಯನ್ನೇ ನೋಡುತ್ತ ಕೂತರು. ಅಲ್ಲೀಗ ಹೊಗೆ ಇರಲಿಲ್ಲ.

ಮೊನ್ನೆ ಮತ್ತೆ ಏಕಾದಶಿ ಬಂತು. ನನಗೆ ಇಲ್ಲಿ ಕೂತು ತಳಮಳ. ಸಂಜೆ ಫೋನ್ ಮಾಡಿದೆ. ಡಾಕ್ಟರನ್ನು ಕೇಳಿ ಈ ಸಲ ನಿರ್ಜಲ ಬಿಟ್ಟಿದ್ದರಂತೆ. ಬೆಳಿಗ್ಗೆ ಮಾಮಿ ಎದುರು ಕೂತು ಒಂದು ಗುಳಿಗೆ, ಒಂದು ಲೋಟ ನೀರು ಕೊಟ್ಟರಂತೆ.

ತಡೆಯಲಾರದೆ ಕೇಳಿದೆ. "ಏನರೆ ಕಾಣಿಸ್ತೇನು, ಮಾಮಾ?"

"ಹೂಂ. ನಿಮ್ಮ ಮಾಮಿ ಕಂಡಳು."