ಅಕ್ಕನಿಗೆ ಮೊದಲು ಹೇಳಿದ್ದ

ಮೂವತ್ತೊಂಬತ್ತನೇ ಇಸವೀಲಿ ನನ್ನ ತಮ್ಮ ಗೌರೀಶಂಕರನಿಗೆ ಹತ್ತೊಂಬತ್ತು. ಚನ್ನರಾಯಪಟ್ಟಣದ ನಮ್ಮ ಮನೇಲಿ ಅವನ ಪೂಜೆ ಉದ್ದವಾಗ್ತಾ ಹೋಯ್ತು. ಅಂಗೈಲಿ ಲಿಂಗ ಇಟ್ಕೊಂಡು ಕೂತ್ರೆ ಮಧ್ಯಾಹ್ನ ದಾಟೋದು. ಅಪ್ಪನ ಕೊಬ್ಬರಿ ಮಂಡಿ ಕಡೆ ತಲೆ ಹಾಕ್ಲಿಲ್ಲ. ಗೆಳೆಯರು ಬಂದ್ರೆ ಹಿತ್ತಲಿಗೆ ಹೋಗಿಬಿಡೋನು. ಅವ್ವ ಮಾಡಿದ ಅಡಿಗೆ ಮುಟ್ಟದೆ ತಾನೇ ಒಲೆ ಹಚ್ಚಿ ಬೇಯಿಸ್ಕೊಳ್ಳೋಕೆ ಶುರುಮಾಡ್ದ.

"ಎಂಥಾ ನೇಮ! ಎಂಥಾ ವೈರಾಗ್ಯ!" ಅಂದ್ರು ನಮ್ಮೋರು. ಜಂಗಮರ ಮನೆ ನೋಡಿ, ಇಂಥದ್ದು ಕಂಡ್ರೆ ಹಿಗ್ಗೋ ಹಿಗ್ಗು. ಇವನನ್ನ ಮಠಕ್ಕೆ ಮರಿಸ್ವಾಮಿಯಾಗಿ ಕೊಡ್ತೀನಿ ಅಂತ ಅಪ್ಪ ಮಾತೂ ಕೊಟ್ಟುಬಂದ. ಹಿರೀಸಾವೆ ನೆಂಟರು ಬಸ್ಸು ಹತ್ತಿ ಬಂದು, ಬಾಳೆಹಣ್ಣು ಇಟ್ಟು, ಅಡ್ಡಬಿದ್ದು ಹೋಗೋರು. ಕಾಲು ಮುಟ್ಟಿದ್ರೆ ಅವನು ಬೆಚ್ಚಿಬೀಳೋನು. ಅದನ್ನೂ ವಿನಯ ಅಂದ್ರು, ಮಂಕು ಮುಂಡೇವು!

ನನಗೆ ಗೊತ್ತಿತ್ತು. ಗಂಡ ಸತ್ತು ತೌರಲ್ಲೇ ಇದ್ದೋಳು ನಾನು, ಅವನನ್ನ ಎತ್ತಿ ಆಡಿಸಿದೋಳು. ಒಂದಿನ ಬಾವಿ ಹತ್ರ ಸೆರಗು ಹಿಡ್ಕೊಂಡು ಕೇಳ್ದ: "ಅಕ್ಕಾ, ಅನ್ನದಲ್ಲಿ ಏನೋ ಹಾಕ್ತಾವ್ರೆ. ಬೀದಿಯೋರೆಲ್ಲಾ ನನ್ ಮಾತೇ ಆಡ್ತಾವ್ರೆ. ಇದು ನಿಜವೋ, ಇಲ್ಲಾ ನನ್ ತಲೆ ಕೆಡ್ತಾ ಇದೆಯೋ? ನೀನೇ ಹೇಳು."

ಹಾಸನಕ್ಕೆ ಡಾಕ್ಟರ ಹತ್ರ ಹೋಗೋಣ ನಡಿ ಅನ್ನಬೇಕಿತ್ತು. ಅವ್ವನ ಹತ್ರ ಹೋದೆ. "ಬಾಯ್ಮುಚ್ಚೇ ಗುರುಸಿದ್ದೀ, ಮಠದೋರ ಕಿವಿಗೆ ಬಿದ್ರೆ ಮಾನ ಓಯ್ತದೆ" ಅಂದ್ಲು. ಮುಚ್ಕೊಂಡೆ. ಮುಂದಿನ ಸೋಮವಾರ ನೆಂಟರ ಸಾಲಿಗೆ ನನ್ನನ್ನೂ ತಳ್ಳಿದ್ಲು. ನಾನೂ ತಮ್ಮನ ಕಾಲಿಗೆ ಬಿದ್ದೆ.

"ಅಕ್ಕಾ, ನೀನೂ ಅವ್ರ ಕಡೆ ಸೇರ್ಕೊಂಡ್ಯಾ?" ಅಂದ. ಆಮೇಲೆ ನನಗೆ ಏನೂ ಹೇಳ್ಲಿಲ್ಲ.

ವರ್ಷ ತುಂಬೋದ್ರೊಳಗೆ ಕೊರಳ ಲಿಂಗ ಕಿತ್ತು ಬಾವಿಗೆ ಎಸೆದ, ಅದು ಮಾತಾಡ್ತದೆ ಅಂತ. ಅಡ್ಡಬಿದ್ದೋರೇ ಅವನನ್ನ ಹಗ್ಗದಲ್ಲಿ ಕಟ್ಟಿದ್ರು. ಹಾಸನದ ಡಾಕ್ಟರು, "ಮೊದ್ಲು ಏನೂ ಗೊತ್ತಾಗ್ಲಿಲ್ವೇನಮ್ಮ?" ಅಂತ ಕೇಳಿದ್ರು. ಅಪ್ಪ ಇಲ್ಲ ಅಂದ. ಅವ್ವ ಇಲ್ಲ ಅಂದ್ಲು. ನಾನೂ ಇಲ್ಲ ಅಂದೆ.

ಈಗ ನಲವತ್ತೇಳನೇ ಇಸವಿ. ಅಪ್ಪ ಅವ್ವ ಇಬ್ಬರೂ ಹೋದ್ರು. ನನಗಂತೂ ಸಾಕಾಗಿದೆ ಕಣ್ರೀ, ಮೂಳೆಮೂಳೆಯೂ ಸೋತಿದೆ. ದಿನಾ ಎರಡು ಹೊತ್ತೂ ಅವನ ತಟ್ಟೆಯಿಂದ ಮೊದಲ ತುತ್ತು ನಾನು ತಿಂದು, ನುಂಗಿ, ಬಾಯಿ ತೆಗೆದು ತೋರಿಸ್ಬೇಕು. ನೋಡ್ತಾನೆ. ಸುಮಾರು ಹೊತ್ತು ನೋಡಿ, ತಟ್ಟೇನ ಮತ್ತೆ ನನ್ನ ಕಡೆಗೇ ತಳ್ಳಿ, "ಇನ್ನೊಂದು ತುತ್ತು" ಅಂತಾನೆ.