ತುಳುಕಲೇಬೇಕಾದ ಬಾಟಲಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಕ್ಕಳ ಆಸ್ಪತ್ರೆಯ ಹಿಂಬದಿಯ ಕೋಣೆಯೊಂದರಲ್ಲಿ, ಗಾಜಿನ ತಡೆಯ ಹಿಂದೆ, ಎರಡು ಕೈಗಳು ಆಗಲೇ ಕೆಲಸಕ್ಕೆ ಇಳಿದಿವೆ. ದೊಡ್ಡವರಿಗೆಂದು ತಯಾರಾದ ಕ್ಯಾಪ್ಸೂಲುಗಳನ್ನು ಬಿಚ್ಚಿ, ಒಳಗಿನ ಪುಡಿಯನ್ನು ಪಿಂಗಾಣಿಯ ಪುಟ್ಟ ಒರಳಿಗೆ ಉದುರಿಸುತ್ತವೆ. ಅರೆಯುತ್ತವೆ. ಸಿಹಿಯಾದ ಮಂದ ದ್ರವವನ್ನು ಚೂರುಚೂರೇ ಸೇರಿಸಿ ಮತ್ತೆ ಅರೆಯುತ್ತವೆ. ಪತ್ರಿಕೆಗೆ ಬರೆಯಲು ಬಂದ ನಾನು ನೋಡುವ ಆಸೆಗೆ ಒಂದು ಹೆಜ್ಜೆ ಮುಂದಿಟ್ಟದ್ದೇ ತಡ, ಮಾಸ್ಕಿನ ಹಿಂದಿನಿಂದ ಗದರಿಕೆ ಬರುತ್ತದೆ.

"ಅಲ್ಲೇ ನಿಂತ್ಕೊಳ್ಳಿ! ಈ ಪುಡಿ ಆ ಮಕ್ಕಳಿಗೆ ಅಮೃತ. ನಿಮಗಲ್ಲ."

ಗದರಿದವರಿಗೆ ಐವತ್ತು ದಾಟಿದೆ. ಔಷಧ ವಿಭಾಗದ ಸಹಾಯಕಿ. ಔಷಧಿ ಕೊಡುವ ಕಿಟಕಿಗೆ ಬರುವ ತಾಯಂದಿರು, ನರ್ಸುಗಳು, ಕೊನೆಗೆ ವೈದ್ಯರೂ ಅವರನ್ನು ಕರೆಯುವುದು 'ಮುಕ್ಕಾಲಮ್ಮ' ಎಂದು. ಈ ಹೆಸರು ಬಂದು ಕೆಲವು ತಿಂಗಳಷ್ಟೇ ಆಗಿದೆ. ಹೇಗೆ ಬಂತು ಎಂದು ಕೇಳಿದರೆ, "ತಪ್ಪು ಮಾಡಿ ಗಳಿಸಿದ ಬಿರುದು ಕಣ್ರೀ," ಎಂದು ಕಣ್ಣಲ್ಲೇ ನಗುತ್ತಾರೆ. ಇವತ್ತು ಮಾತ್ರ ಆ ಕಣ್ಣು ಮತ್ತೆ ಮತ್ತೆ ಕಿಟಕಿಯ ಕಡೆ ಹೊರಳುತ್ತಿದೆ. ಚೂಟಿ ಎಂದು ಇಡೀ ಆಸ್ಪತ್ರೆ ಕರೆಯುವ ಆರು ವರ್ಷದ ಹುಡುಗಿಯೊಬ್ಬಳ ರಕ್ತಪರೀಕ್ಷೆಯ ಫಲಿತಾಂಶ ಇವತ್ತು ಬರಬೇಕಿದೆ. ಕಳೆದೆರಡು ಸಲದಂತೆ ಇದೂ ಸರಿಯಾಗಿದ್ದರೆ ಅವಳು ಶಾಲೆಗೆ ಹೋಗಬಹುದು.

ಚೂಟಿಯ ಮೂತ್ರಪಿಂಡಗಳು ಹುಟ್ಟಿನಿಂದಲೇ ಸೊರಗಿದ್ದವು. ಈಗ ಅವಳ ಹೊಟ್ಟೆಯೊಳಗೆ ಕೆಲಸ ಮಾಡುತ್ತಿರುವುದು ಅವಳ ಅಪ್ಪ ಕೊಟ್ಟ ಮೂತ್ರಪಿಂಡ. ಆದರೆ ದೇಹದ ಕಾವಲುಪಡೆಗೆ ಅಪ್ಪನೂ ಒಂದೇ, ಕಳ್ಳನೂ ಒಂದೇ. ಹೊರಗಿನಿಂದ ಬಂದದ್ದು ಎಂದು ತಿಳಿದರೆ ಮೈಮೇಲೆ ಬೀಳುತ್ತದೆ. ಆ ಕಾವಲನ್ನು ತಗ್ಗಿಸಿ ಇಡುವ ಔಷಧಿಯನ್ನು ಅವಳು ದಿನಕ್ಕೆರಡು ಹೊತ್ತು ಕುಡಿಯಬೇಕು. ಕಡಿಮೆಯಾದರೆ ಮೂತ್ರಪಿಂಡ ಕೈಬಿಟ್ಟು ಹೋಗಬಹುದು, ಹೆಚ್ಚಾದರೆ ಔಷಧಿಯೇ ಅದಕ್ಕೆ ವಿಷವಾಗಬಹುದು. ಇಂಥ ಪುಟ್ಟ ಮಕ್ಕಳಿಗೆ ಕ್ಯಾಪ್ಸೂಲು ನುಂಗಲು ಬರುವುದಿಲ್ಲ, ಅದರ ಪ್ರಮಾಣವೂ ಹೊಂದುವುದಿಲ್ಲ. ಹಾಗಾಗಿ ಮುಕ್ಕಾಲಮ್ಮ ಅದನ್ನು ಅರೆದು, ಕಲೆಸಿ, ಕುಡಿಸುವ ಔಷಧಿ ಮಾಡುತ್ತಾರೆ. ದಿನಕ್ಕೆ ಇಪ್ಪತ್ತು, ಕೆಲವೊಮ್ಮೆ ಮೂವತ್ತು ಬಾಟಲಿ. ಪ್ರತಿ ಬಾಟಲಿಯನ್ನೂ ಮುಖ್ಯ ಔಷಧಿಕಾರರು ಪರಿಶೀಲಿಸಿ ಸಹಿ ಹಾಕಿದ ಮೇಲೆಯೇ ಅದು ಕಿಟಕಿ ದಾಟುವುದು.

ಮುಕ್ಕಾಲಮ್ಮ ಇಲ್ಲಿಗೆ ಬಂದದ್ದು ಬಾಟಲಿ ತೊಳೆಯುವ ಕೆಲಸಕ್ಕೆ. ತೊಳೆಯುತ್ತ ತೊಳೆಯುತ್ತ ನೋಡಿದರು, ಕೇಳಿದರು, ಸಂಜೆಯ ತರಗತಿಗೆ ಹೋದರು, ಒಂದು ಸಲ ನಪಾಸಾದರು, ಮತ್ತೆ ಹೋದರು. ಗಂಡ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ. ಹೆಂಡತಿ ಓದುವಾಗ ಯಂತ್ರದ ಸದ್ದಾಗಬಾರದೆಂದು ಆ ಮಹಾರಾಯ ಕೈಹೊಲಿಗೆಯ ಕೆಲಸವನ್ನೆಲ್ಲ ಆ ಹೊತ್ತಿಗೇ ಎತ್ತಿಟ್ಟುಕೊಳ್ಳುತ್ತಿದ್ದರಂತೆ. ಎಂಥವರಿಗೆ ಎಂಥವರು ಸಿಗುತ್ತಾರೆ ನೋಡಿ!

ಇನ್ನು ಅವರ ತಪ್ಪಿನ ಕತೆಗೆ ಬರೋಣ. ಅದಕ್ಕೆ ಅವರ ಅಪ್ಪನಿಂದಲೇ ಶುರುಮಾಡಬೇಕು.

"ನಮ್ಮಪ್ಪ ಹಾಲು ಮಾರ್ತಿದ್ರು. ಅಳತೆ ಮುಗಿದ ಮೇಲೂ ಒಂದಿಷ್ಟು ಕೊಸರು ಹಾಕದೆ ಯಾರನ್ನೂ ಕಳಿಸ್ತಿರಲಿಲ್ಲ. ಕೊಸರು ಹಾಕಿದ ಕೈ ಸೋಲಲ್ಲ ಕಣೇ ಅಂತಿದ್ರು. ನಂಗೂ ಅದೇ ಬುದ್ಧಿ. ಎಲ್ಲಿಂದಲೋ ಬಸ್ಸು ಹತ್ತಿ ಬರ್ತಾರೆ ಪಾಪ, ಅರೆಬರೆ ತುಂಬಿದ ಬಾಟಲಿ ಹೇಗೆ ಕೊಡೋದು? ಕತ್ತಿನ ತನಕ ತುಂಬಿಸಿ ಕೊಡ್ತಿದ್ದೆ. ಅವರಿಗೂ ಖುಷಿ, ನನಗೂ ಖುಷಿ."

ಆ ದಿನಗಳಲ್ಲಿ ಚೂಟಿಯ ರಕ್ತದಲ್ಲಿ ಔಷಧಿಯ ಮಟ್ಟ ಒಮ್ಮೆ ಪಾತಾಳ, ಒಮ್ಮೆ ಆಕಾಶ. ಹೊತ್ತು ತಪ್ಪಿಸುತ್ತಿದ್ದೀರಾ ಎಂದು ವೈದ್ಯರು ಅವಳ ತಾಯಿಯನ್ನು ಕೇಳಿದರು. ಮನೆಯಲ್ಲಿ ನಾದಿನಿಯೂ ಒಂದು ಮಾತು ಸೇರಿಸಿದಳು: ಅಣ್ಣ ಒಂದು ಅಂಗವನ್ನೇ ಕೊಟ್ಟ, ಅತ್ತಿಗೆಗೆ ಎರಡು ಹೊತ್ತು ಔಷಧಿ ಕುಡಿಸೋಕೆ ಆಗಲ್ವಾ? ಆ ತಾಯಿ ಹೊಸ ಬಾಟಲಿ ಪಡೆಯಲು ಬಂದವಳು ಕಿಟಕಿಯ ಮುಂದೆಯೇ ಅತ್ತುಬಿಟ್ಟಳು. "ನೋಡಿ, ನೀವೇ ಹೇಳಿ, ಹೀಗೇ ಅಲ್ವಾ ಅಲುಗಾಡಿಸೋದು?" ಎಂದು ಬಾಟಲಿ ಹಿಡಿದು ಬಲವಾಗಿ ಅಲುಗಾಡಿಸಿ ತೋರಿಸಿದಳು.

"ಕೈ ನೋಯೋ ಹಾಗೆ ಅಲುಗಾಡಿಸ್ತಿದ್ದಾಳೆ, ಒಳಗೆ ಒಂದು ಸದ್ದಿಲ್ಲ! ಆಗ ಹೊಳೀತು ನಂಗೆ," ಎಂದು ಹೇಳುವಾಗ ಈಗಲೂ ಅವರ ಕೈ ಒರಳಿನ ಮೇಲೆ ನಿಲ್ಲುತ್ತದೆ. "ತುಂಬಿದ ಕೊಡ ತುಳುಕಲ್ಲ ಅಂತಾರಲ್ಲ, ಆ ಗಾದೆ ಮನುಷ್ಯರಿಗೆ ಸರಿ. ನಮ್ಮ ಬಾಟಲಿ ತುಳುಕಲೇಬೇಕು."

ಈ ಪುಡಿ ಪೂರ್ತಿ ಕರಗುವಂಥದ್ದಲ್ಲ. ಬಾಟಲಿಯನ್ನು ಇಟ್ಟಲ್ಲೇ ಇಟ್ಟರೆ ತಳಕ್ಕೆ ಇಳಿಯುತ್ತದೆ. ಅಲುಗಾಡಿಸಿದಾಗ ಮೇಲೇಳಬೇಕಾದರೆ ಒಳಗೆ ಖಾಲಿ ಜಾಗ ಇರಬೇಕು. ಕತ್ತಿನ ತನಕ ತುಂಬಿದ ಬಾಟಲಿಯಲ್ಲಿ ಆ ಜಾಗವೇ ಇರಲಿಲ್ಲ. ಮೊದಮೊದಲು ಮಗುವಿಗೆ ತೆಳುವಾದದ್ದು ಸಿಗುತ್ತಿತ್ತು, ಕೊನೆಕೊನೆಗೆ ಗಟ್ಟಿಯಾದದ್ದು. ತಾಯಿ ಒಂದು ಹೊತ್ತನ್ನೂ ತಪ್ಪಿಸಿರಲಿಲ್ಲ. ಕೆಡಿಸಿದ್ದು ಕೊಸರು.

ಮುಕ್ಕಾಲಮ್ಮ ಬಾಟಲಿಯನ್ನು ಎತ್ತಿಕೊಂಡು ನೇರ ಮುಖ್ಯ ಔಷಧಿಕಾರರ ಮುಂದೆ ನಿಂತರು. "ಸಾರ್, ತಪ್ಪು ನಂದು, ಆ ತಾಯಿದಲ್ಲ." ಔಷಧಿಕಾರರು ಬಾಟಲಿಯನ್ನು ತಿರುಗಿಸಿ ನೋಡಿ, "ಇದರ ಮೇಲಿನ ಸಹಿ ನನ್ನದಲ್ವೇನಮ್ಮಾ? ನಡೀರಿ, ಇಬ್ಬರೂ ಹೋಗೋಣ," ಎಂದರು. ಇಬ್ಬರೂ ವೈದ್ಯರ ಕೋಣೆಗೆ ಮೆಟ್ಟಿಲು ಹತ್ತಿದರು. ವೈದ್ಯರು ಎಲ್ಲವನ್ನೂ ಕೇಳಿಸಿಕೊಂಡು ಎದ್ದು ಬಂದು, ಹೊರಗೆ ಬೆಂಚಿನ ಮೇಲೆ ಕೂತಿದ್ದ ಆ ತಾಯಿಯ ಕ್ಷಮೆ ಕೇಳಿದರು. ಅವತ್ತಿನಿಂದಲೇ ಹಳೆಯ ಬಾಟಲಿಗಳನ್ನೆಲ್ಲ ವಾಪಸು ತರಿಸಿ, ದೊಡ್ಡ ಬಾಟಲಿಗೆ ಬದಲಾಯಿಸಿದರು. ಎಲ್ಲ ಮಕ್ಕಳ ರಕ್ತವನ್ನೂ ಮತ್ತೊಮ್ಮೆ ಪರೀಕ್ಷಿಸಿದರು.

ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮರುದಿನದಿಂದ ಕಡಿಮೆ ತುಂಬಿಸಿ ಕೈ ತೊಳೆದುಕೊಳ್ಳಬಹುದಿತ್ತಲ್ಲ ಎಂದು ನಾನು ಕೆಣಕುತ್ತೇನೆ.

"ತುಂಬಿಸಬಹುದಿತ್ತು. ಆದ್ರೆ ಆ ಅಮ್ಮನ ಮೇಲೆ ಬಂದ ಮಾತು ಹಾಗೇ ಉಳಿದುಬಿಡ್ತಿತ್ತಲ್ರೀ? ಅವಳ ನಾದಿನಿಗೂ ನಾನೇ ಫೋನು ಮಾಡಿ ಹೇಳ್ದೆ. ಬಯ್ಯೋದಿದ್ರೆ ನನ್ನನ್ನ ಬಯ್ಯಿ ತಾಯಿ ಅಂತ. ಬೈದ್ಲು. ಚೆನ್ನಾಗೇ ಬೈದ್ಲು."

ನನಗೆ ಆ ಹೊತ್ತಿಗೆ ಈ ಹೆಂಗಸಿನ ಬಗ್ಗೆ ಆದ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ತಾನು ಸರಿ ಎಂದು ಸಾಧಿಸುವವರನ್ನು ದಿನಕ್ಕೆ ಹತ್ತು ಜನ ನೋಡುತ್ತೇನೆ. ತಪ್ಪು ನನ್ನದು ಎಂದು ಮೆಟ್ಟಿಲು ಹತ್ತಿ ಹೋಗಿ ಹೇಳುವವರು ಅಪರೂಪ.

ಅಂದಿನಿಂದ ಅವರ ಬಾಟಲಿ ಮುಕ್ಕಾಲೇ. ಅರ್ಧಂಬರ್ಧ ಕೊಡ್ತೀರಲ್ರೀ ಎಂದು ಗೊಣಗುವವರಿಗೆಲ್ಲ ಅಲುಗಾಡಿಸಿ, ಸದ್ದು ಕೇಳಿಸಿ, ಕಾರಣ ಹೇಳಿಯೇ ಕಳಿಸುತ್ತಾರೆ. ಅಭ್ಯಾಸ ಈಗ ಮನೆಗೂ ಬಂದಿದೆ. ಚಹಾದ ಲೋಟವೂ ಮುಕ್ಕಾಲು! "ನಾನೇನು ಅಲುಗಾಡಿಸಿ ಕುಡೀಬೇಕಾ?" ಎಂದು ದರ್ಜಿ ಯಜಮಾನರು ಮುಖ ಊದಿಸಿಕೊಂಡಿದ್ದಾರಂತೆ.

ಬಿಸಿಲೇರಿದ ಹೊತ್ತಿಗೆ ಹೊರಗೆ ಚಪ್ಪಲಿಯ ಸದ್ದು. ಕಿಟಕಿಯ ಕಟ್ಟೆಯ ಮೇಲೆ ಮೊದಲು ಎರಡು ಜಡೆ, ಆಮೇಲೆ ಮಾಸ್ಕು ತೊಟ್ಟ ಪುಟ್ಟ ಮುಖ ಕಾಣಿಸುತ್ತದೆ. ಚೂಟಿಯ ಬೆನ್ನಿಗೆ ಹೊಸ ಸ್ಕೂಲ್ ಬ್ಯಾಗು, ಒಳಗೆ ಏನೂ ಇಲ್ಲ. ಫಲಿತಾಂಶ ಬರುವ ಮೊದಲೇ ಹಟ ಹಿಡಿದು ಹಾಕಿಕೊಂಡು ಬಂದಿದ್ದಾಳೆ. ಹಿಂದೆ ನಿಂತ ತಾಯಿ ಫಲಿತಾಂಶದ ಕಾಗದವನ್ನು ಕಿಟಕಿಯೊಳಗೆ ಚಾಚುತ್ತಾಳೆ. "ಅಮ್ಮಾ, ಮೂರನೇ ಸಲವೂ ಸರಿಯಾಗೇ ಬಂತು. ಸೋಮವಾರದಿಂದ ಸ್ಕೂಲಿಗೆ ಕಳಿಸಿ ಅಂದ್ರು ಡಾಕ್ಟ್ರು."

ಮುಕ್ಕಾಲಮ್ಮ ಗ್ಲೌಸು ಕಳಚಿ, ಕೈ ತೊಳೆದು, ಸಹಿಯಾದ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಡುತ್ತಾರೆ. ಚೂಟಿ ಅದನ್ನು ಕಿವಿಗಿಟ್ಟು ಅಲುಗಾಡಿಸುತ್ತಾಳೆ. ಗುಳುಗುಳು ಸದ್ದು ನನಗೂ ಕೇಳಿಸುತ್ತದೆ. "ಹ್ಞೂಂ, ಚೆನ್ನಾಗಿದೆ," ಎಂದು ದೊಡ್ಡ ಔಷಧಿಕಾರರ ಹಾಗೆ ತಲೆದೂಗಿ, ಅಮ್ಮನ ಕೈ ಹಿಡಿದು ಹೊರಡುತ್ತಾಳೆ.

ನಿಮಗೇನು ಆಸೆ ಎಂದು ಕೇಳಿದರೆ ಮುಕ್ಕಾಲಮ್ಮ ಕಣ್ಣೊರೆಸಿಕೊಳ್ಳುತ್ತ, ಆ ಖಾಲಿ ಬ್ಯಾಗು ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತಾರೆ.

"ಅವಳು ಬೆಳೆದು ದೊಡ್ಡವಳಾಗ್ಬೇಕು. ಒಂದಿನ ಇದೇ ಕಿಟಕಿಗೆ ಬಂದು, 'ನಾನು ಕ್ಯಾಪ್ಸೂಲೇ ನುಂಗ್ತೀನಿ, ನಿಮ್ಮ ಬಾಟಲಿ ಇನ್ನು ಬೇಡ' ಅನ್ಬೇಕು. ಅಷ್ಟು ಕೇಳಿಸಿಕೊಂಡ್ರೆ ಸಾಕು ನಂಗೆ. ಅವತ್ತು ನಮ್ಮ ಯಜಮಾನ್ರಿಗೆ ಲೋಟ ತುಂಬ ಚಹಾ ಕೊಡ್ತೀನಿ, ಕೊಸರು ಸಮೇತ."