ಕೂಗದೆ ಹೊಕ್ಕ ಕಲ್ಲಸಂದು

ಅಂದು ನಡೆದದ್ದು ಹೀಗೇ ಎಂದು ಆಣೆ ಮಾಡಿ ಹೇಳಲಾರೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು ನಾನು. ಇಂಥದ್ದನ್ನು ಹೇಳುವವರನ್ನು ಕಂಡು ನಗುತ್ತಿದ್ದೆ.

ಆದೋನಿಯ ಗುಡ್ಡಗಳ ನಡುವಿನಿಂದ ಹೊಳಗುಂದದ ಕಡೆಗೆ, ಹಿಂದೆ ಎತ್ತುಗಳ ಬೆನ್ನ ಮೇಲೆ ಉಪ್ಪು, ಹತ್ತಿ ಹೇರಿಕೊಂಡು ಹೋಗುತ್ತಿದ್ದ ದಾರಿಯೊಂದಿದೆ. ಈಗ ಅಲ್ಲಿ ಬರೀ ಜಾಲಿ. ಅದರ ಬಗ್ಗೆ ಬರೆಯಲೆಂದು ಹೊರಟಾಗ ದೊಡ್ಡವ್ವ ತಾನೂ ಬರುತ್ತೇನೆಂದು ಹಟ ಹಿಡಿದಳು. ಚಿಕ್ಕಂದಿನಲ್ಲಿ ತನ್ನಪ್ಪನ ಜೊತೆ ಆಕೆ ನಡೆದ ದಾರಿಯಂತೆ. ಮೊಣಕಾಲು ನೋವಿನ ಮುದುಕಿ ಗುಡ್ಡದಲ್ಲಿ ಬಿದ್ದರೆ ಗತಿಯೇನೆಂದು ಮನೆಯವರು ಹೆದರಿದರು. ಜವಾಬ್ದಾರಿ ನನ್ನದು ಎಂದು ಕರೆದುಕೊಂಡು ಹೋದೆ.

ಮಧ್ಯಾಹ್ನ ಕಲ್ಲಸಂದು ಮುಟ್ಟಿದೆವು. ಎರಡು ದೊಡ್ಡ ಬಂಡೆಗಳ ನಡುವೆ, ಹೇರು ಹೊತ್ತ ಒಂದೇ ಎತ್ತು ಹಿಡಿಸುವಷ್ಟು ಇಕ್ಕಟ್ಟು. ಎದುರಿನಿಂದ ಇನ್ನೊಂದು ಬಂದರೆ ತಿರುಗಲು ಜಾಗವಿಲ್ಲ. ಅದಕ್ಕೇ ಹೊಗುವ ಮುಂಚೆ ಕೂಗಿ, ಆಚೆಯಿಂದ ದನಿ ಬಾರದಿದ್ದರೆ ಮಾತ್ರ ಒಳಗೆ ಹೋಗುವುದು ಪದ್ಧತಿ.

"ಕೂಗಪ್ಪಾ," ಎಂದಳು ದೊಡ್ಡವ್ವ.

"ಈಗ ಎತ್ತು ಎಲ್ಲಿಂದ ಬರ್ತಾವ ದೊಡ್ಡವ್ವ? ಸಾಮಾನೆಲ್ಲಾ ಲಾರಿಯಾಗ ಹೋಗ್ತಾವ."

"ಕೂಗಿದ್ರ ನಿನ್ನ ಡಿಗ್ರಿ ಕಸಗೊಂತಾರೇನು?"

ನಾನು ಕೂಗಲಿಲ್ಲ. ಆಕೆಯ ಕೈ ಹಿಡಿದು ಒಳಗೆ ನಡೆದೆ. ಅರ್ಧ ದಾರಿಯಲ್ಲಿ ಎದುರಿನಿಂದ ಗೊರಸಿನ ಸದ್ದು ಕೇಳಿತು. ಗೋಣಿಚೀಲ ಬಂಡೆಗೆ ಉಜ್ಜುವ ಸದ್ದು. ಆಮೇಲೆ ಎತ್ತಿನ ಬಿಸಿಯುಸಿರು ನೇರ ಮುಖಕ್ಕೆ ಬಡಿಯಿತು. ಕಣ್ಣಿಗೆ ಏನೂ ಕಾಣಲಿಲ್ಲ. ಮುಂದೆ ನಾನು ಯೋಚಿಸಿದ್ದು ನೆನಪಿಲ್ಲ. ಸದ್ದು ನಿಂತಾಗ ಪಕ್ಕದ ಬಂಡೆಯಿಂದ ಹೊರಚಾಚಿದ್ದ ಕಲ್ಲಿನ ಮೇಲೆ, ಎದೆಯೆತ್ತರದಲ್ಲಿ, ಒಬ್ಬನೇ ನಿಂತಿದ್ದೆ.

ದೊಡ್ಡವ್ವ ಕೆಳಗೆ ದಾರಿಯಲ್ಲೇ ಇದ್ದಳು. ಬಂಡೆಗೆ ಬೆನ್ನೊತ್ತಿ, ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು.

"ಹೋದ್ವೇನಪ್ಪ?" ಎಂದಳು.

"ಏನು ಹೋದ್ವು?"

"ನೀ ಯಾವುದಕ್ಕ ಅಂಜಿ ಮ್ಯಾಲ ಹತ್ತಿದ್ಯೋ, ಅವು."

ಇಳಿದು ಬಂದಾಗ ಆಕೆ ನನ್ನ ಕೈ ಹಿಡಿಯಲಿಲ್ಲ. ಬಂಡೆ ಹಿಡಿದೇ ನಡೆದಳು. ಮನೆಯಲ್ಲಿ ಮಾತ್ರ ಎಲ್ಲರೆದುರು, "ಹುಡುಗ ಭಾಳ ಜ್ವಾಕಿಲೆ ಕರಕೊಂಡು ಬಂದ್ನವ್ವ" ಎಂದಳು. 

ಸಂದಿನಲ್ಲಿ ಗಾಳಿ ನುಗ್ಗಿದರೆ ಎಂಥ ಸದ್ದೂ ಬಂದೀತು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಆಕೆಗೂ ಕೇಳಿಸಿತ್ತೋ, ನನ್ನನ್ನು ಗೇಲಿ ಮಾಡಿದಳೋ ತಿಳಿಯದು. ಕೇಳೋಣವೆಂದರೆ ಈಗ ಆಕೆಯಿಲ್ಲ. ಆ ಚಾಚುಗಲ್ಲಿನ ಮೇಲೆ ಒಬ್ಬರಿಗಷ್ಟೇ ಜಾಗವಿತ್ತು ಎಂಬುದೊಂದೇ ಇಷ್ಟು ವರ್ಷ ನನಗಿದ್ದ ಸಮಾಧಾನ.

ಕಳೆದ ಬೇಸಿಗೆಯಲ್ಲಿ ಗೆಳೆಯನೊಬ್ಬನನ್ನು ಕರೆದುಕೊಂಡು ಹೋಗಿ ಆ ಚಾಚುಗಲ್ಲನ್ನು ಹತ್ತಿ ನೋಡಿದೆ. ನಾವಿಬ್ಬರೂ ಅದರ ಮೇಲೆ ಆರಾಮವಾಗಿ ನಿಂತೆವು.